ಫಾರಂ ಚಿಕ್ಕಮ್ಮನ ಸ್ವಂತ ಅರ್ಜಿ

ನಮ್ಮ ಪಾಸ್‌ಪೋರ್ಟ್ ಕಚೇರಿಯ ಎದುರಿಗೆ, ರಸ್ತೆಯ ಆ ಬದಿಯಲ್ಲಿ ಒಂದು ಮೂರಂತಸ್ತಿನ ಕಟ್ಟಡವಿದೆ. ಅದರ ಮೆಟ್ಟಿಲ ಕೆಳಗೆ ಒಂದು ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತಾಯಿತು, ಒಂದು ಮಂಚ ಹಾಕಿದರೆ ಕಾಲಿಡಲು ಜಾಗ ಉಳಿಯುವುದಿಲ್ಲ. ಅಷ್ಟರಲ್ಲೇ ಒಂದು ಮೇಜು, ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್ ಯಂತ್ರ, ಹಳೆಯ ಕಂಪ್ಯೂಟರು, ಗೋಂದಿನ ಬಾಟಲಿ, ಒದ್ದೆ ಸ್ಪಂಜು ಇಟ್ಟ ತಗಡಿನ ಡಬ್ಬಿ. ಎತ್ತರದವರು ಒಳಗೆ ಬಂದರೆ ಮೆಟ್ಟಿಲಿನ ಅಡಿಗೆ ತಲೆ ಬಡಿಯುತ್ತದೆ. ‘ತಲೆ ಜೋಪಾನ’ ಎಂದು ಬರೆದು ಅಂಟಿಸಿದ್ದಾರೆ, ಆದರೆ ಅದನ್ನು ಓದುವಷ್ಟರಲ್ಲಿ ಬಡಿದು ಆಗಿರುತ್ತದೆ.

ಆ ಮೇಜಿನ ಹಿಂದೆ ಕೂರುವವರು ಫಾರಂ ಚಿಕ್ಕಮ್ಮ. ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತು ಬೇರೆಯವರ ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುತ್ತಿದ್ದಾರೆ. ಮೊದಲು ಕೈಯಲ್ಲಿ ಬರೆಯುತ್ತಿದ್ದರು, ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ, ಕಪ್ಪು ಶಾಯಿ, ಗೆರೆ ಮುಟ್ಟುವಂತಿಲ್ಲ. ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಆಗ ಅವರಿಗೆ ನಲವತ್ತು ದಾಟಿತ್ತು. ಎರಡು ತಿಂಗಳು ಸಂಜೆ ಹೊತ್ತು ಟೈಪಿಂಗ್ ತರಗತಿಗೆ ಹೋಗಿ, ಶಾಲೆಯ ಹುಡುಗಿಯರ ಪಕ್ಕ ಕೂತು ಕಲಿತು ಬಂದರು. ನಾನು ಆ ಕಚೇರಿಯ ಕಾಗದಪತ್ರ ಪರಿಶೀಲನೆಯ ಕೌಂಟರಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ನಿಯಮಗಳ ಪುಸ್ತಕ ಅರ್ಥವಾಗದೆ ತಲೆ ಕೆಟ್ಟು ಹೋಗಿತ್ತು. ಊಟದ ಬಿಡುವಿನಲ್ಲಿ ರಸ್ತೆ ದಾಟಿ ಅವರ ಹತ್ತಿರ ಹೋಗಿ ಕೇಳಿದ್ದೆ. “ಪುಸ್ತಕ ಮುಚ್ಚಿಡೇ ಮಗಳೇ. ಬಂದವರ ಮುಖ ಆಮೇಲೆ ನೋಡು, ಮೊದಲು ತಾರೀಕು ನೋಡು” ಅಂದಿದ್ದರು. ಇವತ್ತಿಗೂ ನಾನು ಮೊದಲು ತಾರೀಕು ನೋಡುತ್ತೇನೆ.

ಅವರ ಕೈ ದಾಟಿಬಂದ ಅರ್ಜಿಯನ್ನು ನಾವು ಕೌಂಟರಿನಲ್ಲಿ ನೋಡಿದ ಕೂಡಲೇ ಗುರುತಿಸುತ್ತಿದ್ದೆವು. ಕಾಗದಗಳು ಕೇಳುವ ಕ್ರಮದಲ್ಲೇ ಇರುತ್ತಿದ್ದವು, ಎಡಮೂಲೆಗೆ ಕ್ಲಿಪ್ಪು, ಫೋಟೋ ಹಿಂದೆ ಪೆನ್ಸಿಲಿನಲ್ಲಿ ಹೆಸರು. ಅಂಥ ಚಿಕ್ಕಮ್ಮನಿಗೆ ಸ್ವಂತ ಪಾಸ್‌ಪೋರ್ಟ್ ಇರಲಿಲ್ಲ.

“ನಾನೆಲ್ಲಿಗೆ ಹೋಗ್ಲಿ? ರಸ್ತೆ ದಾಟೋಕೆ ಪಾಸ್‌ಪೋರ್ಟ್ ಕೇಳ್ತಾರಾ?” ಎಂದು ನಗುತ್ತಿದ್ದರು.

ಆ ನಗುವಿಗೆ ಕೊನೆ ಹಾಡಿದವರು ಅವರ ಅಕ್ಕ. ಚಿಕ್ಕಮ್ಮನಿಗಿಂತ ಒಂಬತ್ತು ವರ್ಷ ದೊಡ್ಡವರು, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಚಿಕ್ಕಮ್ಮನ ಅಕ್ಕನಾದ್ದರಿಂದ ನಮ್ಮ ಬೀದಿಗೆಲ್ಲ ಅವರು ದೊಡ್ಡಮ್ಮ. ಚಿಕ್ಕಮ್ಮ ಮದುವೆಯಾಗಲಿಲ್ಲ, ದೊಡ್ಡಮ್ಮನ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಇಬ್ಬರೂ ಒಂದೇ ಮನೆಯಲ್ಲಿ, ದಿನಕ್ಕೆ ನಾಲ್ಕು ಸಲ ಜಗಳವಾಡಿಕೊಂಡು ನೆಮ್ಮದಿಯಾಗಿದ್ದರು. ದೊಡ್ಡಮ್ಮ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಮೇಜಿನ ಮೇಲೆ ಬಣ್ಣಬಣ್ಣದ ಕಾಗದವೊಂದನ್ನು ಇಟ್ಟರು. ನಾನು ಆಗ ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ.

“ಏನಕ್ಕಾ ಇದು?”

“ಹಡಗು. ಎಂಟು ದಿನ. ಇಬ್ಬರಿಗೆ ಒಂದು ಕೋಣೆ, ಕಿಟಕಿ ಇರೋದು. ದುಡ್ಡು ಕಟ್ಟಿ ಆಯ್ತು.”

“ಇಬ್ಬರು ಅಂದ್ರೆ?”

“ನಾನು, ಮತ್ತೆ ಡ್ರೈವರ್ರು! ಇನ್ಯಾರೇ ಪುಟ್ಟಿ, ನೀನೇ.”

ಐವತ್ತೆರಡು ವರ್ಷದ ಚಿಕ್ಕಮ್ಮ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿ.

“ನಿಂಗೇನು ತಲೆ ನೆಟ್ಟಗಿದೆಯಾ? ಹಡಗಂತೆ! ಅಂಗಡಿ ಯಾರು ನೋಡ್ಕೋತಾರೆ?”

“ಮೂವತ್ತು ವರ್ಷ ಊರಿನವರಿಗೆಲ್ಲ ಟಿಕೆಟ್ ಹರಿದುಕೊಟ್ಟಿದ್ದೀನಿ. ಒಂದು ಸಲ ನಂಗೆ ಯಾರಾದ್ರೂ ಟಿಕೆಟ್ ಕೊಡ್ಲಿ. ಕಿಟಕಿ ಪಕ್ಕ ಕೂತ್ಕೋಬೇಕು. ಅಷ್ಟೇ.”

ಚಿಕ್ಕಮ್ಮ ಆ ಕಾಗದವನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಕಾರಣ ನನಗೂ ಗೊತ್ತಿತ್ತು. ದೊಡ್ಡಮ್ಮನ ಕಣ್ಣಿನ ನರ ಸೋಲುತ್ತಾ ಬಂದಿತ್ತು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು, ಅದರಲ್ಲೂ ಎಡಗಡೆಯದು, ಮಸುಕಾಗುತ್ತಾ ಒಳಗೊಳಗೆ ಸರಿಯುತ್ತಿತ್ತು. ಹನಿ ಹಾಕಿದರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ, ನೋಡಬೇಕಾದ್ದನ್ನು ಈ ವರ್ಷವೇ ನೋಡಿಬಿಡಿ ಎಂದು ಕಣ್ಣಿನ ವೈದ್ಯರು ಹೇಳಿದ್ದರು. ದೊಡ್ಡಮ್ಮ ಅದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು: “ನನ್ನ ಕಿಟಕಿ ಚಿಕ್ಕದಾಗ್ತಿದೆ ಕಣೇ. ಶಟರ್ ಎಳೆಯೋ ಮುಂಚೆ ಸಮುದ್ರ ನೋಡಿ ಮುಗಿಸಿಬಿಡ್ತೀನಿ.” ಒಬ್ಬರೇ ಹೋಗುವಂತಿರಲಿಲ್ಲ. ಹಡಗಿನ ಮೆಟ್ಟಿಲು, ಓಣಿ, ಗೊತ್ತಿಲ್ಲದ ಜಾಗ, ಪಕ್ಕದಿಂದ ಬರುವವರು ಕಾಣುವುದಿಲ್ಲ. ತಂಗಿ ಹೋದರೆ ಅಕ್ಕ ಹೋಗುತ್ತಾರೆ, ತಂಗಿಯಿಲ್ಲದಿದ್ದರೆ ಆ ಕೋಣೆ ಖಾಲಿ.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಹಿಂದೆ ಮುಂದೆ ಓದಿದರು. ಬಣ್ಣದ ಚಿತ್ರಗಳನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. ಹಡಗು ಹೊರಡುವುದು ಐದು ತಿಂಗಳ ನಂತರ. ಪ್ರಯಾಣಿಕರ ಹೆಸರು, ಪಾಸ್‌ಪೋರ್ಟ್ ಸಂಖ್ಯೆಗಳ ಪಟ್ಟಿ ಹೊರಡುವ ನಲವತ್ತು ದಿನ ಮೊದಲೇ ಮುಚ್ಚುತ್ತದೆ. ವಾಪಸ್ ಬಂದ ದಿನದಿಂದ ಇನ್ನೂ ಆರು ತಿಂಗಳು ಪಾಸ್‌ಪೋರ್ಟಿನ ಅವಧಿ ಇರಬೇಕು. ಟಿಕೆಟ್ಟಿನಲ್ಲಿರುವ ಹೆಸರೂ ಪಾಸ್‌ಪೋರ್ಟಿನಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು.

“ಅಕ್ಕಾ, ನಿನ್ನ ಪಾಸ್‌ಪೋರ್ಟ್ ಯಾವಾಗ ಮುಗಿಯತ್ತೆ?”

“ಅದಿನ್ನೂ ಇದೆ ಬಿಡು. ನೀನೇ ಮಾಡಿಸಿಕೊಟ್ಟಿದ್ದಲ್ವಾ.”

ಮಾಡಿಸಿಕೊಟ್ಟು ಹತ್ತು ವರ್ಷದ ಹತ್ತಿರ ಬಂದಿತ್ತು, ಅದರ ಅವಧಿಯೂ ಹತ್ತೇ ವರ್ಷ. ಲೆಕ್ಕ ಹಾಕಿದರೆ ಹಡಗಿನಿಂದ ಇಳಿದ ಮೇಲೆ ಮೂರು ತಿಂಗಳು ಮಾತ್ರ ಉಳಿಯುತ್ತಿತ್ತು. “ಇದು ಇದ್ದೂ ಇಲ್ಲದ ಹಾಗೆ. ಬಂದರಿನಲ್ಲೇ ನಿಲ್ಲಿಸ್ತಾರೆ” ಎಂದು ಚಿಕ್ಕಮ್ಮ ಅದೇ ವಾರ ಅಕ್ಕನ ನವೀಕರಣದ ಅರ್ಜಿ ಹಾಕಿದರು. ಅದು ಬಂತು. ಆಮೇಲೆ ರಜೆಯ ಕಾಲ, ಅಂಗಡಿಯ ಮುಂದೆ ಬೆಳಗ್ಗೆ ಏಳಕ್ಕೇ ಜನ. ಚಿಕ್ಕಮ್ಮ ತಮ್ಮ ಅರ್ಜಿಯನ್ನು ಇವತ್ತು, ನಾಳೆ ಅನ್ನುತ್ತಾ ಎರಡು ತಿಂಗಳು ತಳ್ಳಿದರು.

ಅಷ್ಟರಲ್ಲಿ ಈ ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಅಂಗಡಿಗೆ ಬಂದವರೆಲ್ಲ ಸಲಹೆ ಕೊಡುವವರೇ. ಮೇಲಿನ ಮಹಡಿಯ ದರ್ಜಿ ಒಂದು ದಿನ ಮೆಟ್ಟಿಲ ಮೇಲಿಂದಲೇ ಬಗ್ಗಿ ಹೇಳಿದ:

“ಚಿಕ್ಕಮ್ಮಾ, ಕೆಲವು ಹಡಗಿಗೆ ಪಾಸ್‌ಪೋರ್ಟೇ ಬೇಡವಂತೆ. ಹೊರಟ ಬಂದರಿಗೇ ವಾಪಸ್ ಬರೋದಾದ್ರೆ ಬರೀ ಗುರುತಿನ ಚೀಟಿ ಸಾಕಂತೆ. ನನ್ನ ಭಾವಮೈದ ಹೇಳಿದ.”

“ನಿನ್ನ ಭಾವಮೈದ ಹಡಗಲ್ಲಿ ಹೋಗಿದ್ನಾ?”

“ಇಲ್ಲ, ಹೋದವರನ್ನ ನೋಡಿದ್ದಾನೆ.”

“ನೋಡು, ಕೆಲವು ದೇಶದಲ್ಲಿ ಕೆಲವು ಹಡಗಿಗೆ ಹಾಗೂ ಇರಬಹುದು. ನಮ್ಮ ಹಡಗು ಕೇಳತ್ತೆ. ಕೇಳದೆ ಇದ್ರೂ ನಾನು ತಗೊಂಡೇ ಹೋಗ್ತೀನಿ. ದಾರಿ ಮಧ್ಯೆ ಅಕ್ಕಂಗೆ ಹುಷಾರು ತಪ್ಪಿದ್ರೆ ಯಾವುದೋ ದೇಶದ ಆಸ್ಪತ್ರೇಲಿ ಇಳಿಸ್ತಾರೆ. ಹಡಗು ನಮಗೋಸ್ಕರ ಕಾಯತ್ತಾ? ಅಲ್ಲಿಂದ ವಿಮಾನದಲ್ಲಿ ಮನೆಗೆ ಬರಬೇಕು. ಆಗ ಕೌಂಟರಿನವರಿಗೆ ನಿನ್ನ ಭಾವಮೈದನ ಹೆಸರು ಹೇಳ್ಲಾ?”

ದರ್ಜಿ ತಲೆ ಒಳಗೆಳೆದುಕೊಂಡ.

ಫೋಟೋ ತೆಗೆಸಿಕೊಂಡದ್ದೇ ಒಂದು ಕಥೆ. ಕಿವಿ ಕಾಣಬೇಕು, ಹಿನ್ನೆಲೆ ಬಿಳಿ ಇರಬೇಕು, ಹಲ್ಲು ಬಿಡಬಾರದು ಎಂದು ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದವರು ಸ್ಟುಡಿಯೋದ ಸ್ಟೂಲಿನ ಮೇಲೆ ಕೂತ ಕೂಡಲೇ ನಗಲು ಶುರುಮಾಡಿದರು. ಹಿಂದೆ ನಿಂತ ದೊಡ್ಡಮ್ಮ ಸುಮ್ಮನಿರದೆ, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ” ಎಂದು ಕಂಡಕ್ಟರ್ ದನಿಯಲ್ಲಿ ಕೂಗುತ್ತಿದ್ದರಂತೆ. ಫೋಟೋದವನು ಏಳು ಸಲ ತೆಗೆದು, ಎಂಟನೆಯ ಸಲ ದೊಡ್ಡಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ.

ಕೊನೆಗೂ ಚಿಕ್ಕಮ್ಮನಿಗೆ ನಮ್ಮ ಕಚೇರಿಯ ಸಮಯ ಸಿಕ್ಕಿತು. ಹಡಗಿನ ಪಟ್ಟಿ ಮುಚ್ಚಲು ಆಗ ಮೂವತ್ತಮೂರು ದಿನವಿತ್ತು. ಪಾಸ್‌ಪೋರ್ಟ್ ಆಗಿ ಬರಲು ಎರಡರಿಂದ ಮೂರು ವಾರ, ಹಾಗಾಗಿ ಸಾಕಾಗುತ್ತಿತ್ತು. ಬೆಳಗ್ಗೆ ಹತ್ತೂಕಾಲಿಗೆ ಅವರ ಸಂಖ್ಯೆ ನನ್ನ ಕೌಂಟರಿನ ಮೇಲೆ ಹೊಳೆಯಿತು. ಇಸ್ತ್ರಿ ಮಾಡಿದ ನೀಲಿ ಸೀರೆ, ಕೈಯಲ್ಲಿ ಎಡಮೂಲೆಗೆ ಕ್ಲಿಪ್ಪು ಹಾಕಿದ ಕಾಗದಗಳು. ನನ್ನನ್ನು ನೋಡಿ ಬೇಕೆಂದೇ “ನಮಸ್ಕಾರ ಮೇಡಂ” ಅಂದರು. ಅಕ್ಕಪಕ್ಕದ ಕೌಂಟರಿನವರೆಲ್ಲ ತಲೆಯೆತ್ತಿ ನಕ್ಕರು.

ಅರ್ಜಿ ಸರಿಯಿತ್ತು. ವಿಳಾಸದ ದಾಖಲೆ ಸರಿಯಿತ್ತು. “ಜನನಪತ್ರದ ಮೂಲಪ್ರತಿ ಕೊಡಿ ಚಿಕ್ಕಮ್ಮ” ಅಂದೆ. ಅವರು ಚೀಲದಿಂದ ಒಂದು ಹಳೆಯ ಕಂದು ಲಕೋಟೆ ತೆಗೆದರು. ಅದರ ಬಾಯಿಗೆ ಗೋಂದು ಹಾಕಿ ಅಂಟಿಸಲಾಗಿತ್ತು. ಮನೆಯ ಟ್ರಂಕಿನ ತಳದಲ್ಲಿ ಎಷ್ಟೋ ವರ್ಷದಿಂದ ಹಾಗೇ ಇದ್ದದ್ದು. ಅಲ್ಲೇ ನನ್ನ ಎದುರಿಗೇ ಅದನ್ನು ಹರಿದರು. ಬಂದವರ ಲಕೋಟೆಯನ್ನೆಲ್ಲ ಬಿಚ್ಚಿ, ಒಳಗಿನ ಕಾಗದವನ್ನು ಬೆಳಕಿಗೆ ಹಿಡಿದು ನೋಡದೆ ಕಳಿಸದ ಕೈ ಅದು. ತಮ್ಮದನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ. ನನ್ನದು ಸರಿಯಾಗಿದೆ ಎಂದುಕೊಂಡು ಲಕೋಟೆಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬಂದಿದ್ದರು.

ಲಕೋಟೆಯಿಂದ ಹೊರಬಂದ ಕಾಗದ ಟ್ಯೂಬ್‌ಲೈಟಿನ ಬೆಳಕಿಗೆ ಥಳಥಳ ಹೊಳೆಯಿತು. ಎರಡೂ ಬದಿಗೆ ದಪ್ಪ ಪ್ಲಾಸ್ಟಿಕ್. ಲ್ಯಾಮಿನೇಷನ್.

ನಾಲ್ಕು ವರ್ಷದ ಹಿಂದೆ ನಮ್ಮ ಕಚೇರಿಗೆ ಆದೇಶ ಬಂದಿತ್ತು. ಜನನಪತ್ರದ ಉಬ್ಬು ಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು, ಕಾಗದವನ್ನು ಪರೀಕ್ಷಿಸಬೇಕು, ಪ್ಲಾಸ್ಟಿಕ್ ಹಾಕಿದ್ದನ್ನು ತೆಗೆದುಕೊಳ್ಳುವಂತಿಲ್ಲ. ಆ ಆದೇಶ ಬಂದ ಮಾರನೆಯ ದಿನವೇ ‘ಇಲ್ಲಿ ಜನನಪತ್ರಕ್ಕೆ ಲ್ಯಾಮಿನೇಷನ್ ಮಾಡುವುದಿಲ್ಲ’ ಎಂದು ಅಂಗಡಿಯಲ್ಲಿ ಬೋರ್ಡು ಹಾಕಿದ್ದು ಇದೇ ಚಿಕ್ಕಮ್ಮ.

ಅವರು ಆ ಕಾಗದವನ್ನೇ ನೋಡುತ್ತಾ ನಿಂತರು. ನಾನು ಬಾಯಿ ತೆರೆದೆ.

“ನೀನು ಹೇಳ್ಬೇಡ, ತಡಿ” ಅಂದರು. “ನಾನೇ ಹೇಳ್ತೀನಿ. ದಿನಕ್ಕೆ ಹತ್ತು ಜನಕ್ಕೆ ಹೇಳಿ ಅಭ್ಯಾಸ ಇದೆ. ಇದು ನಡೆಯಲ್ಲ. ಹುಟ್ಟಿದ ಊರಿಂದ ಹೊಸ ಪ್ರತಿ ತರಬೇಕು.” ಆಮೇಲೆ ಕಾಗದವನ್ನು ತಿರುಗಿಸಿ, “ಲ್ಯಾಮಿನೇಷನ್ ಯಂತ್ರ ಹೊಸದಾಗಿ ಬಂದ ದಿನ. ಬಿಸಿ ಎಷ್ಟಿಡಬೇಕು ಅಂತ ಗೊತ್ತಿರಲಿಲ್ಲ. ಬೇರೆಯವರ ಕಾಗದ ಸುಟ್ಟುಹೋದ್ರೆ ಏನು ಗತಿ ಅಂತ ನನ್ನದನ್ನೇ ಮೊದಲು ಹಾಕಿ ನೋಡಿದ್ದೆ. ಎಷ್ಟು ಚೆನ್ನಾಗಿ ಬಂದಿದೆ ನೋಡು, ಒಂದು ಗುಳ್ಳೆ ಇಲ್ಲ” ಅಂದರು.

ನಾನು ‘ವಾಪಸ್’ ಎಂಬ ಮುದ್ರೆ ಒತ್ತಿದೆ. ಮುಂದಿನ ಸಮಯ ಹದಿನೈದು ದಿನದ ನಂತರ ಖಾಲಿಯಿತ್ತು. ಅದನ್ನೇ ಬರೆದುಕೊಟ್ಟೆ. ಅಂದರೆ ಅದಾದ ಮೇಲೆ ಪಟ್ಟಿ ಮುಚ್ಚಲು ಉಳಿಯುವುದು ಹದಿನೆಂಟು ದಿನ. ಚಿಕ್ಕಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಮಧ್ಯಾಹ್ನ ಅಂಗಡಿಯಲ್ಲಿ ದೊಡ್ಡಮ್ಮ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು.

“ಬಿಸಿ ಮಾಡಿ ಮೆಲ್ಲಗೆ ಸುಲಿದುಬಿಡೋಣ ಕಣೇ.”

“ಸುಲಿದ್ರೆ ಶಾಯಿ ಎಲ್ಲ ಪ್ಲಾಸ್ಟಿಕ್ಕಿಗೆ ಹೋಗತ್ತೆ, ಕಾಗದ ನನ್ನ ಕೈಗೆ ಬರತ್ತೆ. ಬೇಡ.”

“ಹಾಗಾದ್ರೆ ಈ ಹುಡುಗಿಗೆ ಹೇಳು.” ದೊಡ್ಡಮ್ಮ ನನ್ನ ಕಡೆ ಗಲ್ಲ ತಿರುಗಿಸಿದರು. “ಕೌಂಟರಲ್ಲಿ ಕೂತಿರೋದು ಇವಳೇ ತಾನೇ? ಕಣ್ಣು ಮುಚ್ಚಿ ಒಂದು ಮುದ್ರೆ ಒತ್ತಿದ್ರೆ ಯಾರ ಗಂಟು ಹೋಗತ್ತೆ?”

ಚಿಕ್ಕಮ್ಮ ಗದರಿದರು.

“ಅಕ್ಕಾ! ನಿನ್ನ ಬಸ್ಸಲ್ಲಿ ನಾನು ಟಿಕೆಟ್ ಇಲ್ಲದೆ ಕೂತಿದ್ದಿದ್ರೆ ಬಿಡ್ತಿದ್ಯಾ?”

ದೊಡ್ಡಮ್ಮ ಒಂದು ಕ್ಷಣ ಯೋಚಿಸಿದರು. “ಇಲ್ಲ. ಒಂದು ಸಲ ನಮ್ಮತ್ತೇನೇ ಇಳಿಸಿದ್ದೀನಿ.”

“ಮತ್ತೆ? ಅವಳ ಕೆಲಸ ಅವಳು ಮಾಡ್ಲಿ. ನಮ್ಮ ಕೆಲಸ ನಾವು ಮಾಡೋಣ. ನಾಳೆ ಬೆಳಗ್ಗೆ ಎಷ್ಟು ಹೊತ್ತಿಗೆ ಬಸ್ಸು?”

“ಐದೂ ಹತ್ತು, ಆರು, ಆರೂ ನಲವತ್ತು” ಎಂದರು ದೊಡ್ಡಮ್ಮ, ಉಸಿರು ತೆಗೆದುಕೊಳ್ಳದೆ. “ಆರರದ್ದು ಬೇಡ. ಅದರ ಡ್ರೈವರ್ ದಾರೀಲಿ ಎಲ್ಲರ ಹತ್ರಾನೂ ಮಾತಾಡ್ತಾನೆ.”

ಇಬ್ಬರೂ ಹುಟ್ಟಿದ್ದು ನೂಲಿನ ಗಿರಣಿಯಿದ್ದ ಒಂದು ಸಣ್ಣ ಊರಿನಲ್ಲಿ. ಅವರ ಅಪ್ಪ ಆ ಗಿರಣಿಯ ಕೆಲಸಗಾರ. ಐದೂ ಹತ್ತರ ಬಸ್ಸು ಹತ್ತಿ ಹತ್ತೂವರೆಗೆ ಅವರು ಅಲ್ಲಿಯ ಜನನ ಮರಣ ದಾಖಲೆಯ ಕಚೇರಿಯ ಮುಂದೆ ನಿಂತಿದ್ದರು. ಅಲ್ಲಿ ನಡೆದದ್ದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಒಟ್ಟಿಗೇ ಹೇಳುತ್ತಿದ್ದರಿಂದ ಎರಡು ಸಲ ಕೇಳಬೇಕಾಯಿತು.

ಅಲ್ಲಿಯ ಗುಮಾಸ್ತರು ಕನ್ನಡಕದ ಒಂದು ಕಡ್ಡಿಯ ಜಾಗಕ್ಕೆ ದಾರ ಕಟ್ಟಿಕೊಂಡಿದ್ದರು. ಐವತ್ತೆರಡು ವರ್ಷದ ಹಿಂದಿನ ಪುಸ್ತಕ ಕೇಳಿದಾಗ ಮುಖ ಸಿಂಡರಿಸಿದರು, ಆದರೆ ಹೋಗಿ ತಂದರು. ಮೇಜಿನಷ್ಟು ಅಗಲದ ಪುಸ್ತಕ, ಬೆನ್ನಿನ ಬಟ್ಟೆ ಕಿತ್ತುಹೋಗಿತ್ತು. ಚಿಕ್ಕಮ್ಮ ಹುಟ್ಟಿದ ತಿಂಗಳ ಹಾಳೆಗಳನ್ನು ಒಂದೊಂದಾಗಿ ತಿರುವಿ ಪುಸ್ತಕ ಮುಚ್ಚಿದರು.

“ಇಲ್ಲಮ್ಮ. ನಿಮ್ಮ ತಂದೆ ಹೆಸರಲ್ಲಿ ಆ ತಿಂಗಳು ಯಾವ ಮಗೂನೂ ಹುಟ್ಟಿಲ್ಲ.”

“ಹುಟ್ಟಿಲ್ವಾ? ಹಾಗಾದ್ರೆ ಇಲ್ಲಿ ನಿಂತಿರೋದು ಯಾರು?” ದೊಡ್ಡಮ್ಮ ತಂಗಿಯ ರಟ್ಟೆ ಹಿಡಿದು ಮುಂದೆ ತಳ್ಳಿದರು.

“ನನ್ನನ್ನ ಕೇಳಿದ್ರೆ? ಪುಸ್ತಕದಲ್ಲಿ ಇಲ್ಲ ಅಂದ್ರೆ ಇಲ್ಲ.”

ಚಿಕ್ಕಮ್ಮ ಆಗ ಚೀಲದಿಂದ ಆ ಲ್ಯಾಮಿನೇಷನ್ ಕಾಗದವನ್ನು ತೆಗೆದರು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿದರು. ಮೇಲಿನ ಬಲಮೂಲೆಯಲ್ಲಿ ಹಳೆಯ ನೇರಳೆ ಶಾಯಿಯಲ್ಲಿ ಪುಸ್ತಕದ ಸಂಖ್ಯೆ, ಪುಟದ ಸಂಖ್ಯೆ, ಸಾಲಿನ ಸಂಖ್ಯೆ ಬರೆದಿತ್ತು. ದೊಡ್ಡಮ್ಮನ ಜನನಪತ್ರದಲ್ಲೂ ಅದೇ ನೇರಳೆ ಶಾಯಿಯಿತ್ತು, ಆದರೆ ಪ್ಲಾಸ್ಟಿಕ್ ಇರಲಿಲ್ಲ. ಒಂದು ಮಳೆಗಾಲ ಟ್ರಂಕಿಗೆ ನೀರು ಸೋರಿ ಅದು ಕಲೆಯಾಗಿ ಹೋಗಿತ್ತು. ಚಿಕ್ಕಮ್ಮನದು ಮಾತ್ರ ನಿನ್ನೆ ಬರೆದಂತೆ ಇತ್ತು.

“ಪುಟ ಇನ್ನೂರ ಹದಿನಾಲ್ಕು, ಏಳನೇ ಸಾಲು. ಸ್ವಲ್ಪ ನೋಡಿ ಸಾರ್.”

ಗುಮಾಸ್ತರು ಮತ್ತೆ ಪುಸ್ತಕ ತೆರೆದರು. ಪುಟ ಇನ್ನೂರ ಹದಿನಾಲ್ಕು ಎರಡು ತಿಂಗಳು ಮುಂದಿತ್ತು. ಆ ಪುಸ್ತಕದಲ್ಲಿ ಹುಟ್ಟಿದ ದಿನದ ಕ್ರಮವಿರಲಿಲ್ಲ, ಬಂದು ಹೇಳಿದ ದಿನದ ಕ್ರಮವಿತ್ತು. ಏಳನೆಯ ಸಾಲಿನಲ್ಲಿ ಅಪ್ಪನ ಹೆಸರು, ಅಮ್ಮನ ಹೆಸರು, ಗಿರಣಿಯ ಮನೆ ಸಂಖ್ಯೆ, ಹುಟ್ಟಿದ ತಾರೀಕು ಎಲ್ಲವೂ ಇದ್ದವು.

“ಎರಡು ತಿಂಗಳು ಬಿಟ್ಟು ಯಾಕೆ ಬರೆಸಿದ್ರು ನಿಮ್ಮಪ್ಪ?”

“ಗಿರಣೀಲಿ ರಜೆ ಕೊಟ್ಟಿರಲಿಲ್ಲ” ಎಂದರು ದೊಡ್ಡಮ್ಮ. “ರಜೆ ಸಿಕ್ಕ ದಿನ ಬಂದ್ರು. ನಾನೂ ಜೊತೆಗಿದ್ದೆ. ಈ ಬಾಗಿಲಿಗೆ ಆಗ ಹಸಿರು ಬಣ್ಣ ಇತ್ತು.”

ಚಿಕ್ಕಮ್ಮನಿಗೆ ಜೀವ ಬಂದಂತಾಯಿತು. ಗುಮಾಸ್ತರ ಬೆರಳು ಮಾತ್ರ ಸಾಲಿನ ಕೊನೆಯ ಚೌಕದಲ್ಲಿ ನಿಂತಿತು. ಅಲ್ಲಿ ‘ಹೆಣ್ಣು’ ಎಂದಷ್ಟೇ ಇತ್ತು. ಹೆಸರಿನ ಜಾಗ ಖಾಲಿ. ಹೆಸರಿಡುವ ಮೊದಲೇ ಅಪ್ಪ ಬರೆಸಿಹೋಗಿದ್ದರು. ಮುಂದೆ ಶಾಲೆಗೆ ಸೇರಿಸುವಾಗ ಪ್ರತಿ ಕೇಳಿದ್ದಕ್ಕೆ ಆಗಿನ ಅಧಿಕಾರಿ ಪ್ರತಿಯಲ್ಲಿ ಹೆಸರು ಬರೆದುಕೊಟ್ಟಿದ್ದ, ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿದ್ದ.

“ನಾನು ಪುಸ್ತಕದಲ್ಲಿ ಇರೋದನ್ನ ಮಾತ್ರ ಕೊಡಬಹುದು. ಹೆಸರು ಸೇರಿಸೋಕೆ ಬೇರೆ ಅರ್ಜಿ. ಹೆಸರಿಟ್ಟಾಗ ಇದ್ದ ಹಿರಿಯರೊಬ್ಬರ ಹೇಳಿಕೆ ಬೇಕು, ಶಾಲೆಯ ದಾಖಲೆ ಬೇಕು. ಸಾಹೇಬರ ಸಹಿ ಆಗಬೇಕು. ಅವರು ಕ್ಯಾಂಪಿನಲ್ಲಿದ್ದಾರೆ, ಗುರುವಾರ ಬರ್ತಾರೆ.”

ಅವತ್ತು ಮಂಗಳವಾರ.

“ಅರ್ಜಿ ನಮೂನೆ ಕೊಡಿ” ಎಂದರು ಚಿಕ್ಕಮ್ಮ.

“ಮುಗಿದಿದೆ. ಹೊಸದು ಅಚ್ಚಾಗಿ ಬರಬೇಕು. ಒಂದು ವಾರ ಬಿಟ್ಟು ಬನ್ನಿ.”

“ಬಿಳಿ ಹಾಳೆ ಇದೆಯಾ?”

ಗುಮಾಸ್ತರು ಅನುಮಾನದಿಂದಲೇ ಎರಡು ಹಾಳೆ ಕೊಟ್ಟರು. ಚಿಕ್ಕಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ಅಡಿಪಟ್ಟಿಯ ಬದಲು ಆ ಲ್ಯಾಮಿನೇಷನ್ ಕಾಗದದ ಅಂಚನ್ನೇ ಇಟ್ಟು ಗೆರೆ ಎಳೆದರು. ಆ ನಮೂನೆಯನ್ನು ಅವರು ಎಷ್ಟು ಜನರಿಗೆ ತುಂಬಿಕೊಟ್ಟಿದ್ದರೋ. ಶೀರ್ಷಿಕೆ, ನಿಯಮದ ಸಂಖ್ಯೆ, ಹದಿಮೂರು ಕಲಂ, ಕೆಳಗೆ ಸಹಿಗೆ ಚುಕ್ಕಿ ಗೆರೆ, ಕಚೇರಿಯ ಬಳಕೆಗೆ ಬಿಡುವ ಜಾಗ, ಎಲ್ಲವನ್ನೂ ನೆನಪಿನಿಂದ ಬರೆದು, ತುಂಬಿ, ಬೇಕಾದೀತು ಎಂದು ಚೀಲದಲ್ಲಿ ತಂದಿದ್ದ ಶಾಲೆಯ ದಾಖಲೆಯನ್ನು ಹಿಂದೆ ಸೇರಿಸಿ, ಎಡಮೂಲೆಗೆ ಕ್ಲಿಪ್ಪು ಹಾಕಿ ಕೊಟ್ಟರು. ಗುಮಾಸ್ತರು ದಾರದ ಕನ್ನಡಕವನ್ನು ಮೇಲೇರಿಸಿ ಎರಡು ಸಲ ಓದಿದರು.

“ನೀವು ಯಾವ ಇಲಾಖೆ?”

“ಮೆಟ್ಟಿಲ ಕೆಳಗಿನ ಇಲಾಖೆ.”

ಅವರು ನಗಲಿಲ್ಲ, ಆದರೆ ಇನ್ನೊಂದು ಕುರ್ಚಿ ಎಳೆದು ದೊಡ್ಡಮ್ಮನನ್ನು ಕೂರಿಸಿ, ಹೇಳಿಕೆ ಬರೆದುಕೊಳ್ಳಲು ಪೆನ್ನು ತೆಗೆದರು.

“ಈಕೆಗೆ ಈ ಹೆಸರಿಟ್ಟದ್ದು ನಿಮಗೆ ಹೇಗೆ ಗೊತ್ತು?”

“ಇಟ್ಟದ್ದೇ ನಾನು. ಅಮ್ಮ ಬೇರೆ ಏನೋ ಹೇಳಿದ್ರು. ನನ್ನ ಕ್ಲಾಸಲ್ಲಿ ಲೆಕ್ಕದಲ್ಲಿ ಯಾವಾಗಲೂ ಮೊದಲು ಬರ್ತಿದ್ದ ಹುಡುಗಿ ಹೆಸರು ಇಡಬೇಕು ಅಂತ ಎರಡು ದಿನ ಊಟ ಬಿಟ್ಟೆ. ಬರ್ಕೊಳ್ಳಿ, ಎರಡು ದಿನ.”

“ಅದೆಲ್ಲ ಬೇಡಮ್ಮ.”

“ಬೇಡ ಅಂದ್ರೆ ಹೇಗೆ? ಕೇಳಿದ್ದು ನೀವು.”

ಐವತ್ತೆರಡು ವರ್ಷ ಚಿಕ್ಕಮ್ಮನಿಗೆ ಈ ವಿಷಯ ಗೊತ್ತಿರಲಿಲ್ಲವಂತೆ. ಅಕ್ಕನ ಮುಖವನ್ನೇ ನೋಡುತ್ತಾ ಕೂತುಬಿಟ್ಟೆ ಎಂದು ನನ್ನ ಬಳಿ ಹೇಳಿದರು. “ಊಟ ಬಿಟ್ಟಳಂತೆ, ನೋಡು. ಈಗ ಹತ್ತು ನಿಮಿಷ ತಡವಾದ್ರೆ ಪಾತ್ರೆ ಬಡೀತಾಳೆ” ಎಂದೂ ಸೇರಿಸಿದರು.

ಎರಡು ರಾತ್ರಿ ಬಸ್ ನಿಲ್ದಾಣದ ಎದುರಿನ ವಸತಿಗೃಹದಲ್ಲಿ ಉಳಿದುಕೊಂಡರು. ಗುರುವಾರ ಬೆಳಗ್ಗೆ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಮೂವತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ದೊಡ್ಡಮ್ಮನ ಕಣ್ಣಿಗೆ ಪಕ್ಕದವರು ಕಾಣಲಿಲ್ಲ, ಆದರೆ ಗಲಾಟೆ ಕೇಳಿಸಿತು. ನಿಂತಲ್ಲೇ ಹಳೆಯ ದನಿ ತೆಗೆದರು: “ಸಾಲಾಗಿ ಬನ್ನಿ! ಹೆಂಗಸರು ಎಡಕ್ಕೆ! ಮಗು ಎತ್ತಿಕೊಂಡವರು ಮುಂದೆ! ಯಾರದ್ದು ಬಾಕಿ?” ಜನ ಏಕೆ ಎತ್ತ ಎಂದು ಕೇಳದೆ ಸಾಲಾದರು. ಸಾಹೇಬರು ಒಳಗಿನಿಂದ ಬಂದು ಇಣುಕಿ, ಹೊಸ ಸಿಬ್ಬಂದಿ ಬಂದಿದ್ದಾರಾ ಎಂದು ಗುಮಾಸ್ತರನ್ನು ಕೇಳಿದರಂತೆ. ಅಕ್ಕತಂಗಿ ಸಾಲಿನಲ್ಲಿ ಹನ್ನೊಂದನೆಯವರಾಗಿಯೇ ಒಳಗೆ ಹೋದರು. ಸಹಿ ಆಯಿತು. ಐವತ್ತೆರಡು ವರ್ಷ ಖಾಲಿಯಿದ್ದ ಚೌಕದಲ್ಲಿ ಗುಮಾಸ್ತರು ಹೆಸರು ಬರೆದು, ಪಕ್ಕಕ್ಕೆ ತಾರೀಕು ಹಾಕಿ, ಹೊಸ ಪ್ರತಿಗೆ ಉಬ್ಬು ಮುದ್ರೆ ಒತ್ತಿದರು.

“ಇದಕ್ಕೆ ಪ್ಲಾಸ್ಟಿಕ್ ಹಾಕಿಸಬೇಡಿ” ಎಂದು ಅವರು ಎಚ್ಚರಿಕೆ ಹೇಳಿದಾಗ ಚಿಕ್ಕಮ್ಮ ತಲೆ ತಗ್ಗಿಸಿ, “ಆಯ್ತು ಸಾರ್” ಅಂದರು. ಬಸ್ಸು ಹತ್ತುವವರೆಗೆ ದೊಡ್ಡಮ್ಮ ನಗುತ್ತಲೇ ಇದ್ದರಂತೆ.

ಹದಿನೈದನೆಯ ದಿನ ಚಿಕ್ಕಮ್ಮ ಮತ್ತೆ ನನ್ನ ಕೌಂಟರಿಗೆ ಬಂದರು. ಹೊಸ ಪ್ರತಿಯನ್ನು ಎರಡು ರಟ್ಟಿನ ನಡುವೆ ಇಟ್ಟು, ಎದೆಗವಚಿಕೊಂಡು ತಂದಿದ್ದರು. ನಾನು ಮೊದಲು ತಾರೀಕು ನೋಡಿದೆ. ಆಮೇಲೆ ಹೆಬ್ಬೆರಳನ್ನು ಮುದ್ರೆಯ ಮೇಲೆ ಆಡಿಸಿದೆ. ಉಬ್ಬು ಬೆರಳಿಗೆ ಸಿಕ್ಕಿತು. ‘ಸ್ವೀಕೃತ’ ಎಂದು ಒತ್ತಿದ ಮೇಲೆ ಅವರ ಮುಖ ನೋಡಿದೆ.

“ಥ್ಯಾಂಕ್ಸ್ ಮೇಡಂ” ಅಂದರು. ಈ ಸಲ ತಮಾಷೆಯಿರಲಿಲ್ಲ.

ಆಮೇಲೆ ಹದಿನೆಂಟು ದಿನದ ಕಾಯುವಿಕೆ. ಅದರಲ್ಲಿ ನಾನು ಮಾಡಬಹುದಾದ್ದು ಏನೂ ಇರಲಿಲ್ಲ, ಚಿಕ್ಕಮ್ಮ ಕೇಳಲೂ ಇಲ್ಲ. ಎಂದಿನಂತೆ ಬೆಳಗ್ಗೆ ಏಳಕ್ಕೆ ಅಂಗಡಿ ತೆರೆದು ಬೇರೆಯವರ ಚೌಕಗಳನ್ನು ತುಂಬುತ್ತಿದ್ದರು. ಆದರೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಟೈಪ್ ಮಾಡುವ ಬೆರಳು ನಿಲ್ಲುತ್ತಿತ್ತು. ದೊಡ್ಡಮ್ಮ ಮಾತ್ರ ದಿನಾ ಮಧ್ಯಾಹ್ನ ಬಂದು ಒಂದೊಂದು ಪ್ರಶ್ನೆ ಹಾಕುತ್ತಿದ್ದರು. ಹಡಗಿನಲ್ಲಿ ಬಟ್ಟೆ ಒಗೆಯಲು ಎಲ್ಲಿ ಜಾಗ? ವಾಂತಿ ಬಂದರೆ ಕಿಟಕಿ ತೆಗೆಯಬಹುದಾ? ಹದಿನಾಲ್ಕನೆಯ ದಿನ ಮೇಜಿನ ಮೇಲಿದ್ದ ಟೀ ಲೋಟ ಅವರಿಗೆ ಕಾಣದೆ ಮೊಣಕೈ ತಗಲಿ ಬಿತ್ತು. ಅವತ್ತು ಅವರು ಪ್ರಶ್ನೆ ಕೇಳಲಿಲ್ಲ. ಚಿಕ್ಕಮ್ಮ ನೆಲ ಒರೆಸಿ, ಯಾರದೋ ಅರ್ಜಿಗೆ ವಾಪಸ್ ಹೋದರು.

ಹದಿನೇಳನೆಯ ದಿನ ಅಂಚೆಯವನು ಅಂಗಡಿಗೆ ಬರುವ ಮೊದಲೇ ರಸ್ತೆಯ ಆ ತುದಿಯಿಂದ ಕೈ ಮೇಲೆತ್ತಿ ತೋರಿಸಿದ. ಚಿಕ್ಕಮ್ಮ ಎದ್ದ ರಭಸಕ್ಕೆ ತಲೆ ಮೆಟ್ಟಿಲಿನ ಅಡಿಗೆ ಬಡಿಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಒಂದು ಕೈಯಲ್ಲಿ ತಲೆ ಉಜ್ಜಿಕೊಳ್ಳುತ್ತಾ ಇನ್ನೊಂದರಲ್ಲಿ ಸಹಿ ಹಾಕಿ ಲಕೋಟೆ ತೆಗೆದುಕೊಂಡರು. ಈ ಸಲ ಅಲ್ಲೇ ಬಿಚ್ಚಿದರು. ಹೆಸರು, ತಾರೀಕು, ಹುಟ್ಟಿದ ಊರು ಮೂರನ್ನೂ ಟಿಕೆಟ್ಟಿನ ಪಕ್ಕ ಹಿಡಿದು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದರು. ಆಮೇಲೆ ಶಟರ್ ಅರ್ಧ ಎಳೆದು, ಸಾಲಿನಲ್ಲಿದ್ದವರಿಗೆ “ಅರ್ಧ ಗಂಟೆ” ಎಂದು ಹೇಳಿ ಪ್ರವಾಸದ ಏಜೆಂಟನ ಕಚೇರಿಗೆ ನಡೆದುಕೊಂಡೇ ಹೋದರು. ಆಟೋ ಹತ್ತಬಹುದಿತ್ತಲ್ಲ ಎಂದು ಆಮೇಲೆ ಕೇಳಿದ್ದಕ್ಕೆ, ಆಟೋ ಕೆಟ್ಟು ನಿಂತರೆ ಎಂದರು. ಪಟ್ಟಿ ಮುಚ್ಚಲು ಇನ್ನೂ ಒಂದು ದಿನ ಇತ್ತು.

ನಲವತ್ತು ದಿನ ಕಳೆದು ಹಡಗು ಹೊರಟಿತು, ಎಂಟು ದಿನ ಆ ಶಟರ್ ಮುಚ್ಚಿತ್ತು. ಅದರ ಮೇಲೆ ಚಿಕ್ಕಮ್ಮ ಆ ಹಳೆಯ ಜನನಪತ್ರವನ್ನೇ ನಾಲ್ಕು ಮೂಲೆಗೂ ಟೇಪು ಹಾಕಿ ಅಂಟಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಇದು ನನ್ನದು. ಹೀಗೆ ಮಾಡಬೇಡಿ. ಹಡಗಿನಲ್ಲಿದ್ದೇನೆ, ಸೋಮವಾರ ಸಿಗುತ್ತೇನೆ.’ ಮೇಲಿನ ಮಹಡಿಯ ದರ್ಜಿ ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತಿದ್ದ. ಆ ವಾರ ನನ್ನ ಕೌಂಟರಿಗೆ ಪ್ಲಾಸ್ಟಿಕ್ ಹಾಕಿದ ಜನನಪತ್ರ ಒಂದೂ ಬರಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ರಸ್ತೆ ದಾಟಿದೆ. ಇಬ್ಬರ ಮುಖವೂ ಬಿಸಿಲಿಗೆ ಕಪ್ಪಾಗಿತ್ತು. ಚಿಕ್ಕಮ್ಮ ದೂರು ಹೇಳಲು ಕಾಯುತ್ತಿದ್ದರು.

“ಇವಳನ್ನ ಕರ್ಕೊಂಡು ಹೋಗೋದೊಂದು ಶಿಕ್ಷೆ ಕಣೇ. ಬೆಳಗ್ಗೆ ಎದ್ದು ಹಡಗಿನ ಮೇಲ್ಗಡೆ ಕಂಬಿ ಹಿಡ್ಕೊಂಡು ನಿಂತ್ರೆ ಊಟಕ್ಕೂ ಬರಲ್ಲ. ನೀರು ತಾನೇ, ಎಷ್ಟು ಅಂತ ನೋಡ್ತೀಯಾ, ಬಾ ಅಂತೀನಿ.”

“ಅದಕ್ಕೆ ನೀವೇನಂದ್ರಿ ದೊಡ್ಡಮ್ಮ?”

ದೊಡ್ಡಮ್ಮ ನನ್ನ ದನಿ ಬಂದ ಕಡೆಗೆ ಪೂರ್ತಿ ತಿರುಗಿ, ನನ್ನನ್ನು ತಮ್ಮ ಕಿಟಕಿಯ ನಡುವಿಗೆ ತಂದುಕೊಂಡರು.

“ಮೂವತ್ತು ವರ್ಷ ಬಸ್ಸಿನೊಳಗೆ ಬರೀ ಕೈಗಳನ್ನೇ ನೋಡಿದ್ದೀನಿ. ಚಾಚಿದ ಕೈಗಳು. ಅಲ್ಲಿ ಎಷ್ಟು ದೂರ ನೋಡಿದ್ರೂ ಯಾರೂ ಕೈ ಚಾಚ್ತಾ ಇರಲಿಲ್ಲ. ಸುಮ್ನೆ ನಿಂತ್ಕೊಳ್ಳೇ, ಇನ್ನೂ ಮುಗಿದಿಲ್ಲ ಅಂದೆ.”

“ಮತ್ತೆ ಚಿಕ್ಕಮ್ಮ?”

“ನಿಂತ್ಕೊಂಡ್ಲು” ಎಂದರು ದೊಡ್ಡಮ್ಮ. “ಎಡಗಡೆಗೆ. ನಂಗೆ ಕಾಣದ ಕಡೆಗೆ.”

ಮೆಟ್ಟಿಲ ಹೊರಗೆ ಯಾರೋ ಲಕೋಟೆ ಹಿಡಿದು ನಿಂತಿದ್ದರು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಕೈ ಚಾಚಿದರು.

“ಬನ್ನಿ, ತಲೆ ಜೋಪಾನ. ಮೊದಲು ಲಕೋಟೆ ಬಿಚ್ಚಿ.”